ಮಾರಿಯೊ ಸ್ಟ್ರೈಕರ್ಸ್: ಬ್ಯಾಟಲ್ ಲೀಗ್ ಮಕ್ಕಳಿಗೆ ಕಲಿಸುವುದು ಹೇಗೆ? ಮೊದಲ ಪಾಸಿನಿಂದ ಹೈಪರ್ ಸ್ಟ್ರೈಕ್‌ವರೆಗೆ

ಮಕ್ಕಳ ಕೈಗೆ ಕೊಡಬಹುದಾದ ಫುಟ್‌ಬಾಲ್ ವಿಡಿಯೊ ಗೇಮ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು 'ಮಾರಿಯೊ ಸ್ಟ್ರೈಕರ್ಸ್: ಬ್ಯಾಟಲ್ ಲೀಗ್'. ಇದು 2022ರ ಜೂನ್ 10ರಂದು ನಿಂಟೆಂಡೊ ಕಂಪನಿಯ ಗೇಮ್ ಕನ್ಸೋಲ್ ಆದ ಸ್ವಿಚ್‌ಗೆ ಬಂತು. ಮಾಡಿದ್ದು ಕೆನಡಾದ ವ್ಯಾಂಕೂವರ್‌ನ ನೆಕ್ಸ್ಟ್ ಲೆವೆಲ್ ಗೇಮ್ಸ್. ಈ ಸರಣಿಯ ಮೊದಲ ಆಟ 2005ರಲ್ಲಿ ನಿಂಟೆಂಡೊದ ಹಳೆಯ ಕನ್ಸೋಲ್ ಗೇಮ್‌ಕ್ಯೂಬ್‌ಗೆ, ಎರಡನೆಯದು 2007ರಲ್ಲಿ ವೀ ಕನ್ಸೋಲ್‌ಗೆ ಬಂದಿತ್ತು. ಅವನ್ನೂ ಮಾಡಿದ್ದು ಇವರೇ. ಆಮೇಲೆ ಹದಿನೈದು ವರ್ಷ ಈ ಸರಣಿಯನ್ನು ಮುಟ್ಟದೆ ಇದ್ದು ಮೂರನೆಯದನ್ನು ಕೊಟ್ಟರು.

ಆಟದಲ್ಲಿ ಬಣ್ಣ ಇದೆ, ಗದ್ದಲ ಇದೆ, ಚೆಂಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಮಕ್ಕಳಿಗೆ ನೋಡಿದ ಕೂಡಲೇ ಇಷ್ಟ ಆಗುತ್ತದೆ. ಆದರೆ ಇದೇ ಆಟವನ್ನು ಎರಡು ದಿನ ಆಡಿ ಪಕ್ಕಕ್ಕೆ ಎಸೆಯುವ ಮಕ್ಕಳೂ ಇದ್ದಾರೆ. ಅದಕ್ಕೆ ಕಾರಣ ಗೊತ್ತಿರುವುದೇ. ಕೈಗೆ ಕಂಟ್ರೋಲರ್ ಸಿಕ್ಕ ತಕ್ಷಣ ಮಗು ಓಡುತ್ತದೆ, ಹೊಡೆಯುವ ಬಟನ್ ಒತ್ತುತ್ತದೆ. ಗೋಲಿ (ಗೋಲ್‌ಕೀಪರ್) ಚೆಂಡು ಹಿಡಿದುಕೊಳ್ಳುತ್ತಾನೆ. ಮತ್ತೆ ಓಡುತ್ತದೆ, ಈ ಸಲ ಯಾರೋ ಗುದ್ದಿ ಬೀಳಿಸುತ್ತಾರೆ. ನಾಲ್ಕು ನಿಮಿಷ ಮುಗಿಯುವಷ್ಟರಲ್ಲಿ ಐದು ಗೋಲು ತಿಂದು ಮಗುವಿನ ಮುಖ ಸಪ್ಪಗಾಗಿರುತ್ತದೆ. ಹೊರಗಿನಿಂದ ನೋಡುವಷ್ಟು ಸುಲಭದ ಆಟ ಇದಲ್ಲ. ಕಲಿಸುವ ಕ್ರಮ ಸರಿಯಿದ್ದರೆ ಮಾತ್ರ ಮಕ್ಕಳಿಗೆ ಒಲಿಯುತ್ತದೆ.

ನಾನು ನಂಬಿರುವ ಕ್ರಮ ಇಷ್ಟೇ: ಮೊದಲು ಪಾಸ್, ಆಮೇಲೆ ಹೊಡೆತ, ಆಮೇಲೆ ಟ್ಯಾಕಲ್, ಅಂದರೆ ಗುದ್ದಿ ಚೆಂಡು ಕಿತ್ತುಕೊಳ್ಳುವುದು. ಮಕ್ಕಳು ಎಲ್ಲಕ್ಕಿಂತ ಜಾಸ್ತಿ ಆಸೆ ಪಡುವ ಹೈಪರ್ ಸ್ಟ್ರೈಕ್, ಅಂದರೆ ಎರಡು ಅಂಕ ಕೊಡುವ ವಿಶೇಷ ಹೊಡೆತ, ತೀರಾ ಕೊನೆಗೆ. ಈ ಬರಹ ಅದೇ ದಾರಿಯಲ್ಲಿ ಹೋಗುತ್ತದೆ. ಓದುತ್ತಿರುವವರು ಅಪ್ಪ, ಅಮ್ಮ, ಅಕ್ಕ, ಮಾವ ಯಾರಾದರೂ ಆಗಿರಬಹುದು. ಮಗುವಿನ ಪಕ್ಕದಲ್ಲಿ ಕೂತು ಆಡುವವರು ನೀವು ಅಂದುಕೊಂಡೇ ಬರೆಯುತ್ತಿದ್ದೇನೆ.

ಹಂತ 1: ಕೂರುವ ಮುಂಚೆ

ಆಟದ ಮೆನುವಿನಲ್ಲಿ ಕನ್ನಡ ಇಲ್ಲ. ಇಂಗ್ಲಿಷ್ ಇನ್ನೂ ಓದಲು ಬಾರದ ಮಗುವಿಗೆ ತರಬೇತಿಯ ಪರದೆಯಲ್ಲಿ ಬರುವ ಸೂಚನೆಗಳು ಸುಮ್ನೆ ಹಾದುಹೋಗುತ್ತವೆ. ಹಾಗಾಗಿ 'ಟ್ರೈನಿಂಗ್' ಭಾಗವನ್ನು ಮೊದಲು ನೀವೇ ಒಮ್ಮೆ ಮುಗಿಸಿಕೊಳ್ಳಿ. ಆಮೇಲೆ ಮಗುವಿಗೆ ನಿಮ್ಮ ಮಾತಿನಲ್ಲೇ ಹೇಳಿ. 'ಬಿ ಒತ್ತು, ಪಾಸ್ ಹೋಗುತ್ತೆ' ಅಂದರೆ ಸಾಕು.

ಕಂಟ್ರೋಲರ್ ವಿಷಯದಲ್ಲಿ ಒಂದು ಮಾತು. ಒಂದೇ ಜಾಯ್‌ಕಾನ್ (ಸ್ವಿಚ್ ಜೊತೆ ಬರುವ ಪುಟ್ಟ ಕಂಟ್ರೋಲರ್) ಅಡ್ಡ ಹಿಡಿದೂ ಆಡಬಹುದು. ನಾಲ್ಕಾರು ಜನ ಸೇರಿದಾಗ ಅದೇ ಅನುಕೂಲ. ಆದರೆ ಕಲಿಯುವಾಗ ಬೇಡ. ಅಡ್ಡ ಹಿಡಿದಾಗ ಬಟನ್‌ಗಳ ಜಾಗ ಬದಲಾಗುತ್ತದೆ, ಇವತ್ತು ಕಲಿತಿದ್ದು ನಾಳೆ ಪೂರ್ತಿ ಕಂಟ್ರೋಲರ್ ಹಿಡಿದಾಗ ತಲೆಕೆಳಗಾಗುತ್ತದೆ. ಎರಡು ಜಾಯ್‌ಕಾನ್ ಸೇರಿಸಿದ ಗ್ರಿಪ್ ಅಥವಾ ಪ್ರೊ ಕಂಟ್ರೋಲರ್ ಕೊಡಿ. ಕೆಳಗೆ ನಾನು ಹೇಳುವ ಬಟನ್‌ಗಳೆಲ್ಲ ಅವಕ್ಕೆ ಹೊಂದುವಂಥವು.

ಎಷ್ಟು ಹೊತ್ತು ಆಡಬೇಕು ಅನ್ನುವ ಜಗಳವನ್ನೂ ಈಗಲೇ ಮುಗಿಸಿಕೊಳ್ಳಿ. ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್ ಫೋನಿಗೆ ಹಾಕಿಕೊಂಡರೆ ದಿನಕ್ಕೆ ಇಷ್ಟು ಹೊತ್ತು ಅಂತ ಮಿತಿ ಇಡಬಹುದು. ನನ್ನ ಮಟ್ಟಿಗೆ ಮ್ಯಾಚ್ ಲೆಕ್ಕ ಇನ್ನೂ ಒಳ್ಳೆಯದು. ಒಂದು ಮ್ಯಾಚ್ ಸಾಮಾನ್ಯವಾಗಿ ನಾಲ್ಕು ನಿಮಿಷ. ಮಧ್ಯೆ ಬರುವ ಅನಿಮೇಷನ್, ಗೋಲಿನ ಕುಣಿತ ಎಲ್ಲ ಸೇರಿ ಸ್ವಲ್ಪ ಜಾಸ್ತಿ ಆಗುತ್ತದೆ. 'ಇನ್ನು ಎರಡು ಮ್ಯಾಚ್, ಆಮೇಲೆ ಊಟ' ಅಂದರೆ ಮಕ್ಕಳು ಒಪ್ಪುತ್ತಾರೆ. 'ಇನ್ನು ಹತ್ತು ನಿಮಿಷ' ಅಂದರೆ ಮ್ಯಾಚ್ ಅರ್ಧಕ್ಕೆ ನಿಲ್ಲುತ್ತದೆ, ಅಳು ಶುರುವಾಗುತ್ತದೆ.

ಹಂತ 2: ನಿಯಮ, ಎರಡೇ ಮಾತಿನಲ್ಲಿ

ಒಂದು ತಂಡದಲ್ಲಿ ನಾಲ್ವರು ಆಟಗಾರರು, ಜೊತೆಗೊಬ್ಬ ಗೋಲಿ. ಗೋಲಿಯ ಹೆಸರು ಬೂಮ್ ಬೂಮ್. ಅವನು ತಾನೇ ಆಡಿಕೊಳ್ಳುತ್ತಾನೆ, ಚೆಂಡು ಅವನ ಕೈಗೆ ಬಂದಾಗ ಮಾತ್ರ ಯಾರಿಗೆ ಎಸೆಯಬೇಕು ಅನ್ನುವುದು ನಿಮ್ಮ ಪಾಲಿಗೆ. ಆಫ್‌ಸೈಡ್ ಇಲ್ಲ, ರೆಫರಿ ಇಲ್ಲ, ಚೆಂಡು ಹೊರಗೆ ಹೋಗುವುದೂ ಇಲ್ಲ. ಮೈದಾನದ ಸುತ್ತ ವಿದ್ಯುತ್ ಬೇಲಿ ಇದೆ, ಯಾರನ್ನಾದರೂ ಅದಕ್ಕೆ ಗುದ್ದಿದರೆ ಅವರಿಗೆ ಶಾಕ್ ಹೊಡೆಯುತ್ತದೆ. ಸಮಯ ಮುಗಿದಾಗ ಸಮ ಇದ್ದರೆ ಮುಂದಿನ ಗೋಲು ಹೊಡೆದವರು ಗೆದ್ದಂತೆ.

ಒಂದು ಚಂದದ ವಿಷಯ: ಎರಡೂ ತಂಡ ತಮಗೆ ಬೇಕಾದ ಮೈದಾನ ಆರಿಸಬಹುದು. ಆಗ ಅರ್ಧ ಮೈದಾನ ಒಬ್ಬರದು, ಇನ್ನರ್ಧ ಇನ್ನೊಬ್ಬರದು. ಒಂದು ಕಡೆ ಲಾವಾ ಕೋಟೆ, ಇನ್ನೊಂದು ಕಡೆ ಕಾಡು. ಆಟಕ್ಕೆ ಇದರಿಂದ ವ್ಯತ್ಯಾಸ ಏನಿಲ್ಲ, ನೋಡುವುದಕ್ಕೆ ಖುಷಿ ಅಷ್ಟೇ. ಇದನ್ನು ಆರಿಸುವ ಕೆಲಸ ಯಾವಾಗಲೂ ಮಗುವಿಗೇ ಬಿಡಿ.

ಹಂತ 3: ಐದು ಬಟನ್, ಅದರಲ್ಲೂ ಮೊದಲ ದಿನ ಎರಡೇ

ಎ ಬಟನ್ ಹೊಡೆತಕ್ಕೆ. ಬಿ ಪಾಸ್‌ಗೆ. ವೈ ಒತ್ತಿದರೆ ಎತ್ತಿ ಕೊಡುವ ಪಾಸ್, ಅಂದರೆ ಎದುರಾಳಿಯ ತಲೆ ಮೇಲಿಂದ ಹೋಗುವಂಥದ್ದು. ಎಕ್ಸ್ ಐಟಮ್ ಬಳಸುವುದಕ್ಕೆ, ಅಂದರೆ ಆಟದ ಮಧ್ಯೆ ಸಿಗುವ ಬಾಂಬ್, ಚಿಪ್ಪಿನಂಥ ವಸ್ತುಗಳನ್ನು. ಬಲಗೈ ತೋರುಬೆರಳಿನ ಕೆಳಗಿರುವ ಜೆಡ್‌ಆರ್ ಜೋರಾಗಿ ಓಡುವುದಕ್ಕೆ.

ಮಕ್ಕಳು ಎಡವುವುದು ವೈ ಬಟನ್‌ನಲ್ಲಿ. ಚೆಂಡು ನಮ್ಮ ಹತ್ತಿರ ಇದ್ದಾಗ ವೈ ಒತ್ತಿದರೆ ಎತ್ತರದ ಪಾಸ್. ಚೆಂಡು ಎದುರಾಳಿಯ ಹತ್ತಿರ ಇದ್ದಾಗ ಅದೇ ವೈ ಟ್ಯಾಕಲ್. ಚೆಂಡು ಕಿತ್ತುಕೊಂಡ ಸಂಭ್ರಮದಲ್ಲಿ ಮಗು ವೈ ಒತ್ತುತ್ತಲೇ ಇರುತ್ತದೆ. ಆಗಷ್ಟೇ ಸಿಕ್ಕ ಚೆಂಡು ಗಾಳಿಯಲ್ಲಿ ಹಾರಿ ಮತ್ತೆ ಎದುರಾಳಿಯ ಕಾಲಿಗೆ ಹೋಗುತ್ತದೆ. 'ಅಯ್ಯೋ, ನಾನೇನೂ ಮಾಡಿಲ್ಲ!' ಅಂತ ಕೂಗುತ್ತದೆ. ಇದು ತಪ್ಪಬೇಕಾದರೆ ಮೊದಲ ದಿನ ವೈ ಮುಟ್ಟುವುದೇ ಬೇಡ. ಬಿ ಮತ್ತು ಎ, ಇವೆರಡೇ. ಅದರಲ್ಲೂ ಬಿ ಜಾಸ್ತಿ.

ಹೆಬ್ಬೆರಳು ಎಲ್ಲಿದೆ ನೋಡಿ. ಹೆಚ್ಚಿನ ಮಕ್ಕಳು ಹೆಬ್ಬೆರಳನ್ನು ಎ ಮೇಲೆ ಇಟ್ಟುಕೊಂಡೇ ಕೂತಿರುತ್ತಾರೆ, ಬೇರೆ ಬಟನ್‌ಗೆ ಹೋಗಿ ಮತ್ತೆ ಎಗೆ ಬರುತ್ತಾರೆ. ಹೆಬ್ಬೆರಳಿನ ತುದಿ ಬಿ ಮೇಲೆ ಕೂರಲಿ. ಅಲ್ಲಿಂದ ಸ್ವಲ್ಪ ಬಲಕ್ಕೆ ಹೊರಳಿಸಿದರೆ ಎ ಸಿಗುತ್ತದೆ, ಎಡಕ್ಕೆ ಹೊರಳಿಸಿದರೆ ವೈ. ಬೆರಳು ಕೂರುವ ಜಾಗ ಬದಲಾದರೆ ಆಟವೇ ಬದಲಾಗುತ್ತದೆ. ತಕ್ಷಣ ಕೈಗೆ ಬರುವುದು ಹೊಡೆತ ಆಗಿರುವುದಿಲ್ಲ, ಪಾಸ್ ಆಗಿರುತ್ತದೆ.

ಹಂತ 4: ಪಾಸ್, ಬರೀ ಪಾಸ್

'ಕ್ವಿಕ್ ಬ್ಯಾಟಲ್' ತೆರೆಯಿರಿ. ಅಲ್ಲಿ ನಿಯಮ ಬದಲಿಸುವ ಅವಕಾಶ ಇದೆ. ಐಟಮ್ ಆಫ್ ಮಾಡಿ. ಹೈಪರ್ ಸ್ಟ್ರೈಕ್ ಆಫ್ ಮಾಡಿ. ಕಂಪ್ಯೂಟರ್ ತಂಡದ ಮಟ್ಟವನ್ನು ಎಲ್ಲಕ್ಕಿಂತ ಕೆಳಗಿಡಿ. ಆಮೇಲೆ ನೀವೂ ಮಗುವೂ ಒಂದೇ ತಂಡದಲ್ಲಿ ಇರಿ. ದಯವಿಟ್ಟು ಎದುರಾಳಿ ಆಗಬೇಡಿ. ದೊಡ್ಡವರು ಗೆದ್ದರೆ ಮಗುವಿಗೆ ಬೇಜಾರು, ಬೇಕಂತಲೇ ಸೋತರೆ ಅದೂ ಗೊತ್ತಾಗುತ್ತದೆ. ಒಂದೇ ತಂಡದಲ್ಲಿ ಇದ್ದರೆ ಪಾಸ್ ಕೊಡುವುದಕ್ಕೆ ಒಬ್ಬ ನಿಜವಾದ ಜೊತೆಗಾರ ಇರುತ್ತಾನೆ. 'ನನಗೆ ಕೊಡು!' ಅಂತ ಪಕ್ಕದಿಂದಲೇ ಕೂಗುವವರು ಇದ್ದರೆ ಮಗು ಪಾಸ್ ಮಾಡುವುದನ್ನು ತಾನಾಗಿ ಕಲಿಯುತ್ತದೆ.

ಈಗ ಒಂದು ಸಣ್ಣ ಪಂದ್ಯ ಕಟ್ಟಿ. ಗೋಲು ಲೆಕ್ಕಕ್ಕಿಲ್ಲ. ಎದುರಾಳಿ ಮುಟ್ಟದೆ ಸತತವಾಗಿ ಮೂರು ಪಾಸ್ ಆದರೆ ಒಂದು ಅಂಕ. ನೀವೇ ಬಾಯಲ್ಲಿ ಎಣಿಸಿ: 'ಒಂದು... ಎರಡು... ಮೂರು!' ಮೂರು ಸುಲಭವಾದ ಮೇಲೆ ಐದಕ್ಕೆ ಏರಿಸಿ.

ಪಾಸ್ ಯಾರಿಗೆ ಹೋಗುತ್ತದೆ ಅನ್ನುವುದನ್ನು ಎಡಗೈ ಸ್ಟಿಕ್ ತೀರ್ಮಾನಿಸುತ್ತದೆ. ಸ್ಟಿಕ್ ಯಾವ ಕಡೆ ತಿರುಗಿದೆಯೋ ಆ ಕಡೆಯ ಆಟಗಾರನಿಗೆ ಚೆಂಡು ಹೋಗುತ್ತದೆ. ಮಕ್ಕಳು ಗೋಲಿನ ಕಡೆ ಸ್ಟಿಕ್ ಒತ್ತಿ ಹಿಡಿದೇ ಬಿ ಒತ್ತುತ್ತಾರೆ, ಚೆಂಡು ನೇರ ಎದುರಾಳಿಯ ಗುಂಪಿನೊಳಗೆ ನುಗ್ಗುತ್ತದೆ. ಹಿಂದಕ್ಕೆ ಕೊಡುವುದನ್ನು ಕಲಿಸಿ. ಹಿಂದಿರುವ ಆಟಗಾರನ ಹತ್ತಿರ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಅವನಿಗೆ ಕೊಟ್ಟರೆ ಎದುರಾಳಿಗಳೆಲ್ಲ ಅವನ ಕಡೆ ಹೊರಳುತ್ತಾರೆ, ಅಷ್ಟರಲ್ಲಿ ಮುಂದೆ ಜಾಗ ತೆರೆಯುತ್ತದೆ. ಫುಟ್‌ಬಾಲ್ ಮೈದಾನದಲ್ಲೂ ಹೀಗೇ ಅಲ್ವಾ? ಕಾರ್ಟೂನ್ ಬೊಂಬೆಗಳ ಆಟ ಅಂತ ಮೂಗು ಮುರಿಯುವವರಿಗೆ ನಾನು ತೋರಿಸುವುದು ಇದನ್ನೇ. ಜಾಗ ಹುಡುಕುವುದನ್ನು ಈ ಆಟ ಚೆನ್ನಾಗಿ ಕಲಿಸುತ್ತದೆ.

ಪಾಸ್‌ನಲ್ಲಿ ಇನ್ನೊಂದು ಮೆಟ್ಟಿಲಿದೆ. ಚೆಂಡು ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತಿರುವಾಗಲೇ, ಅದು ತಲುಪುವ ಕ್ಷಣಕ್ಕೆ ಸರಿಯಾಗಿ ಮತ್ತೆ ಪಾಸ್ ಕೊಟ್ಟರೆ ಆ ಪಾಸ್ ಮಾಮೂಲಿಗಿಂತ ಚುರುಕಾಗಿ ಹೋಗುತ್ತದೆ. ಇದಕ್ಕೆ ಆಟದಲ್ಲಿ 'ಪರ್ಫೆಕ್ಟ್ ಪಾಸ್' ಅನ್ನುತ್ತಾರೆ. ಒಂದಾದ ಮೇಲೊಂದು ಇಂಥ ಪಾಸ್ ಕೂಡಿಬಂದರೆ ಎದುರಾಳಿಗೆ ಟ್ಯಾಕಲ್ ಮಾಡುವಷ್ಟು ಸಮಯವೇ ಇರುವುದಿಲ್ಲ. ಮಗುವಿಗೆ ಇದನ್ನು ನಿಯಮವಾಗಿ ಹೇಳಬೇಡಿ. ತಾಳ ಹಾಕಿ: 'ಕೊಡು... ಕೊಡು... ಕೊಡು...' ಚೆಂಡು ಕಾಲಿಗೆ ತಾಕುವ ಹೊತ್ತಿಗೆ 'ಕೊಡು' ಬರಬೇಕು. ತಾಳ ಹಿಡಿದುಕೊಂಡರೆ ಉಳಿದದ್ದು ಬೆರಳಿಗೆ ತಾನಾಗಿ ಬರುತ್ತದೆ.

ಈ ಹಂತಕ್ಕೆ ಅವಸರ ಬೇಡ. ಎರಡು ದಿನ ಆಗಲಿ, ಒಂದು ವಾರ ಆಗಲಿ. ನನ್ನನ್ನು ಕೇಳಿದರೆ ಈ ಇಡೀ ಬರಹದಲ್ಲಿ ಇದೊಂದು ಹಂತ ಸರಿಯಾಗಿ ಆದರೂ ಸಾಕು. ಮಿಕ್ಕಿದ್ದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಹಂತ 5: ಹೊಡೆತ

ಎ ಬಟನ್ ಸುಮ್ನೆ ತಟ್ಟಿದರೆ ಬರುವುದು ಸಪ್ಪೆ ಹೊಡೆತ. ಬೂಮ್ ಬೂಮ್ ಅದನ್ನು ಆರಾಮಾಗಿ ಹಿಡಿಯುತ್ತಾನೆ. ಒತ್ತಿ ಹಿಡಿದರೆ ಬಲ ತುಂಬುತ್ತದೆ. ತುಂಬುವುದು ಕಣ್ಣಿಗೆ ಕಾಣುತ್ತದೆ, ಆಟಗಾರ ಕಾಲು ಹಿಂದಕ್ಕೆಳೆದು ನಿಲ್ಲುತ್ತಾನೆ. ಪೂರ್ತಿ ತುಂಬಿದ ಆ ಕ್ಷಣಕ್ಕೆ ಸರಿಯಾಗಿ ಬಿಟ್ಟರೆ ಹೊಡೆತ ಇನ್ನೂ ಜೋರು. ಬಲ ತುಂಬುವಾಗಲೇ ಸ್ಟಿಕ್ ಒಂದು ಕಡೆ ಒತ್ತಿದರೆ ಚೆಂಡು ಆ ಕಡೆ ಬಾಗಿ ಹೋಗುತ್ತದೆ.

ತೊಂದರೆ ಏನೆಂದರೆ, ಬಲ ತುಂಬುವಾಗ ಆಟಗಾರ ನಿಂತಲ್ಲೇ ನಿಂತಿರುತ್ತಾನೆ. ಅಷ್ಟರಲ್ಲಿ ಯಾರಾದರೂ ಬಂದು ಗುದ್ದಿದರೆ ಮುಗಿಯಿತು. ಇಲ್ಲಿ ನಾಲ್ಕನೆಯ ಹಂತ ಕೈಹಿಡಿಯುತ್ತದೆ. ಎದುರಾಳಿಗಳನ್ನು ಒಂದು ಕಡೆ ಎಳೆದು ಇನ್ನೊಂದು ಕಡೆಗೆ ಪಾಸ್ ಕೊಟ್ಟರೆ ಅಲ್ಲಿ ಬಲ ತುಂಬುವುದಕ್ಕೆ ಸಮಯ ಸಿಗುತ್ತದೆ. ಪಾಸ್ ಇನ್ನೂ ಗಾಳಿಯಲ್ಲಿ ಇರುವಾಗಲೇ ಎ ಒತ್ತಿ ಹಿಡಿಯುವುದು ಇನ್ನೂ ಜಾಣತನ. ಮೂಲೆಯಿಂದ ವೈ ಒತ್ತಿ ಎತ್ತರದ ಪಾಸ್ ಕೊಡಿ, ಗೋಲಿನ ಮುಂದಿರುವವನು ಅದನ್ನು ಬಂದ ಹಾಗೇ ಹೊಡೆಯಲಿ. ಮಗುವಿಗೆ ವೈ ಬಟನ್ ಪರಿಚಯ ಮಾಡಿಸಲು ಇದೇ ಸರಿಯಾದ ಹೊತ್ತು.

ನೀವು ಮೂಲೆಯಲ್ಲಿರಿ, ಮಗು ಗೋಲಿನ ಮುಂದಿರಲಿ. ನಿಮ್ಮ ಪಾಸ್, ಅವರ ಗೋಲು. ಆಮೇಲೆ ಜಾಗ ಬದಲಿಸಿಕೊಳ್ಳಿ. ತಾನು ಕೊಟ್ಟ ಪಾಸ್‌ನಿಂದ ಅಪ್ಪನೋ ಅಮ್ಮನೋ ಗೋಲು ಹೊಡೆದಾಗ ಮಗುವಿಗೆ ಆಗುವ ಖುಷಿ, ತಾನೇ ಹೊಡೆದ ಖುಷಿಗಿಂತ ಕಡಿಮೆ ಏನಿರುವುದಿಲ್ಲ. ನೋಡಿದವರಿಗೆ ಗೊತ್ತು.

ಗೋಲಿ ತಡೆದ ಚೆಂಡು ಎಷ್ಟೋ ಸಲ ಮುಂದಕ್ಕೆ ಪುಟಿಯುತ್ತದೆ. 'ಹೋಯ್ತು' ಅಂತ ಕೈಬಿಡದೆ ಅದರ ಹಿಂದೆ ಓಡುವ ಅಭ್ಯಾಸ ಮಾಡಿಸಿ.

ಹಂತ 6: ಚೆಂಡು ಎದುರಾಳಿಯ ಹತ್ತಿರ ಇದ್ದಾಗ

ಟ್ಯಾಕಲ್‌ಗೆ ವೈ. ಒತ್ತಿ ಹಿಡಿದು ಬಿಟ್ಟರೆ ಜೋರಾದ ಟ್ಯಾಕಲ್. ಇದನ್ನೂ ಪೂರ್ತಿ ತುಂಬಿದ ಕ್ಷಣಕ್ಕೆ ಬಿಟ್ಟರೆ ಹೆಚ್ಚು ಬಲ. ಸಣ್ಣ ಪಾತ್ರ ಇಟ್ಟುಕೊಂಡು ಬೌಸರ್‌ನಂಥ ದೈತ್ಯನಿಗೆ ಸುಮ್ನೆ ತಟ್ಟಿದರೆ ಅವನು ಅಲುಗಾಡುವುದಿಲ್ಲ. ಅಲ್ಲಿ ತುಂಬಿದ ಟ್ಯಾಕಲ್ಲೇ ಬೇಕು.

ಎಲ್ಲ ಮಕ್ಕಳೂ ಮಾಡುವುದು ಒಂದೇ: ಕಣ್ಣಿಗೆ ಬಿದ್ದವರನ್ನೆಲ್ಲ ಗುದ್ದುವುದು. ಮಜಾ ಇರುತ್ತದೆ, ನಗುವೂ ಬರುತ್ತದೆ. ಆದರೆ ಚೆಂಡಿಲ್ಲದ ಆಟಗಾರನನ್ನು ಕೆಡವಿದರೆ ಆ ತಂಡಕ್ಕೆ ಐಟಮ್ ಪೆಟ್ಟಿಗೆ ಸಿಗುತ್ತದೆ. ಅಂದರೆ ಅವರ ಕೈಗೆ ನಾವೇ ಬಾಂಬ್ ಕೊಟ್ಟ ಹಾಗೆ. ರೆಫರಿ ಇಲ್ಲದ ಆಟದಲ್ಲಿ ಶಿಕ್ಷೆ ಹೀಗೆ ಬರುತ್ತದೆ. ಇದನ್ನು ಮಗುವಿಗೆ ಒಂದು ಸಲ ತೋರಿಸಿಬಿಡಿ. 'ನೋಡು, ಅವನ ಹತ್ತಿರ ಚೆಂಡು ಇರಲಿಲ್ಲ. ಈಗ ಅವರಿಗೆ ಏನು ಸಿಕ್ಕಿತು ನೋಡು.' ಬೈಯುವ ಅಗತ್ಯವೇ ಇಲ್ಲ.

ನಾಲ್ವರಲ್ಲಿ ನೀವು ಆಡಿಸುತ್ತಿರುವುದು ಯಾರನ್ನು ಅನ್ನುವುದನ್ನು ಪರದೆಯ ಮೇಲೆ ಒಂದು ಗುರುತು ತೋರಿಸುತ್ತದೆ. ಚೆಂಡು ದೂರ ಹೋದಾಗ ಹತ್ತಿರದ ಆಟಗಾರನಿಗೆ ಬದಲಿಸಿಕೊಳ್ಳಬೇಕು. ಅದಕ್ಕೆ ಯಾವ ಬಟನ್ ಅನ್ನುವುದು ಕಂಟ್ರೋಲ್ಸ್ ಪರದೆಯಲ್ಲಿದೆ, ಮಗುವಿನ ಕೈಯಲ್ಲಿರುವ ಕಂಟ್ರೋಲರ್‌ಗೆ ತಕ್ಕಂತೆ ನೋಡಿಕೊಳ್ಳಿ. ಸಣ್ಣವರಿಗೆ ಇದೇ ಎಲ್ಲಕ್ಕಿಂತ ಕಷ್ಟ. ತಾವು ಆಡಿಸುತ್ತಿದ್ದ ಯೋಶಿ ಎಲ್ಲಿ ಹೋದ ಅಂತ ಹುಡುಕುತ್ತಾ ಕೂರುತ್ತಾರೆ. ಹಾಗಾದಾಗ ಕೂಗಿ ಹೇಳಿ: 'ಈಗ ನೀನು ಮಾರಿಯೊ! ಕೆಳಗಡೆ ಇದ್ದೀಯ!' ಮನೆಯಲ್ಲಿ ನಾಲ್ವರು ಸಿಕ್ಕಿ ಎಲ್ಲರೂ ಒಂದೇ ತಂಡ ಸೇರಿದರೆ ಈ ಗೊಂದಲವೇ ಇರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಸಣ್ಣ ಮಕ್ಕಳಿದ್ದರೆ ಹೀಗೆ ಆಡುವುದೇ ಲೇಸು.

ಇನ್ನು ತಪ್ಪಿಸಿಕೊಳ್ಳುವ ಕಲೆ. ಚೆಂಡು ನಮ್ಮ ಹತ್ತಿರ ಇರುವಾಗ ಎದುರಾಳಿ ಮೇಲೆ ಬೀಳುವ ಹೊತ್ತಿಗೆ ಆರ್ ಬಟನ್ ಒತ್ತಿದರೆ ನಮ್ಮವನು ಪಕ್ಕಕ್ಕೆ ಜಾರುತ್ತಾನೆ. ಸರಿಯಾದ ಕ್ಷಣಕ್ಕೆ ಒತ್ತಿದರೆ ಸ್ವಲ್ಪ ಹೊತ್ತು ಹೆಚ್ಚಿನ ವೇಗವೂ ಸಿಗುತ್ತದೆ. ಇದು ಬೇಗ ಬರುವ ವಿದ್ಯೆಯಲ್ಲ. ಮಗು ಸಣ್ಣದಿದ್ದರೆ ಬಿಟ್ಟುಬಿಡಿ. ತಪ್ಪಿಸಿಕೊಳ್ಳುವ ಬದಲು ಪಾಸ್ ಕೊಟ್ಟರೂ ಕೆಲಸ ಆಗುತ್ತದೆ.

ಒಂದು ತಮಾಷೆಯ ತಂತ್ರ ಮಾತ್ರ ಹೇಳದೆ ಬಿಡಲಾರೆ. ನಮ್ಮದೇ ತಂಡದವನನ್ನು ನಾವೇ ಟ್ಯಾಕಲ್ ಮಾಡಬಹುದು! ಅವನು ರಾಕೆಟ್ ಥರ ಮುಂದಕ್ಕೆ ಹಾರುತ್ತಾನೆ, ಎದುರಿಗೆ ಸಿಕ್ಕವರನ್ನು ಬೀಳಿಸುತ್ತಾನೆ. ಚೆಂಡು ಹಿಡಿದವನನ್ನೂ ಹೀಗೆ ಮುಂದಕ್ಕೆ ತಳ್ಳಬಹುದು. ಒಂದೇ ತಂಡದಲ್ಲಿ ಇಬ್ಬರು ಮಕ್ಕಳು ಕೂತಿದ್ದಾಗ ಇದನ್ನು ಹೇಳಿಕೊಟ್ಟು ನೋಡಿ, ಮನೆ ನಗುವಿನಿಂದ ತುಂಬಿಹೋಗುತ್ತದೆ.

ಹಂತ 7: ಈಗ ಐಟಮ್ ಆನ್ ಮಾಡಿ

ಬಾಳೆಹಣ್ಣಿನ ಸಿಪ್ಪೆ, ಹಸಿರು ಚಿಪ್ಪು, ಕೆಂಪು ಚಿಪ್ಪು, ಬಾಂಬ್, ಅಣಬೆ, ನಕ್ಷತ್ರ. ಮಾರಿಯೊ ಕಾರ್ಟ್ ಆಡಿದ ಮಕ್ಕಳಿಗೆ ಇವೆಲ್ಲ ಹಳೆಯ ನೆಂಟರು. ಹಸಿರು ಚಿಪ್ಪು ನೇರ ಹೋಗುತ್ತದೆ, ಕೆಂಪು ಚಿಪ್ಪು ಎದುರಾಳಿಯನ್ನು ಹುಡುಕಿಕೊಂಡು ಹೋಗುತ್ತದೆ. ಅಣಬೆ ವೇಗ ಕೊಡುತ್ತದೆ. ನಕ್ಷತ್ರ ಸಿಕ್ಕರೆ ಸ್ವಲ್ಪ ಹೊತ್ತು ಯಾರೂ ನಮ್ಮನ್ನು ಏನೂ ಮಾಡಲಾರರು.

ಸಿಕ್ಕ ಕೂಡಲೇ ಎಸೆದುಬಿಡುವುದು ಮಕ್ಕಳ ಸ್ವಭಾವ. ಒಂದು ನಿಯಮ ಸಾಕು: ಐಟಮ್ ಬಳಸುವುದು ನಾವು ಹೊಡೆತಕ್ಕೆ ಬಲ ತುಂಬುವ ಮುಂಚೆ, ಇಲ್ಲವೇ ಅವರು ಹೊಡೆತಕ್ಕೆ ಬಲ ತುಂಬುತ್ತಿರುವಾಗ. ಮಿಕ್ಕ ಹೊತ್ತಿನಲ್ಲಿ ಕೈಯಲ್ಲೇ ಇರಲಿ.

ಹಂತ 8: ಹೈಪರ್ ಸ್ಟ್ರೈಕ್

ಮಕ್ಕಳು ಇಷ್ಟು ದಿನ ಕಾದಿದ್ದು ಇದಕ್ಕೇ. ಮ್ಯಾಚ್ ನಡೆಯುತ್ತಿರುವಾಗ ಮೈದಾನದ ಮೇಲೆ ಹೊಳೆಯುವ ಒಂದು ಗೋಳ ಬರುತ್ತದೆ. ಅದು ಸ್ಟ್ರೈಕ್ ಆರ್ಬ್. ಮೊದಲು ಹಿಡಿದ ತಂಡಕ್ಕೆ ಸುಮಾರು 20 ಸೆಕೆಂಡ್ ವಿಶೇಷ ಶಕ್ತಿ. ಆ ಹೊತ್ತಿನೊಳಗೆ ಎದುರಾಳಿಯ ಅರ್ಧಕ್ಕೆ ಹೋಗಿ, ಯಾರೂ ಅಡ್ಡಿ ಮಾಡದಂತೆ ಹೊಡೆತಕ್ಕೆ ಪೂರ್ತಿ ಬಲ ತುಂಬಬೇಕು. ತುಂಬಿದರೆ ಆಟ ನಿಂತು ಅನಿಮೇಷನ್ ಶುರುವಾಗುತ್ತದೆ.

ಆಗ ಪರದೆಯಲ್ಲಿ ಒಂದು ಅಳತೆಪಟ್ಟಿ ಬರುತ್ತದೆ. ಅದರ ಮೇಲೆ ಒಂದು ಗೆರೆ ವೇಗವಾಗಿ ಓಡುತ್ತದೆ. ಎರಡೂ ಬದಿಯಲ್ಲಿ ಚಿಕ್ಕ ನೀಲಿ ಭಾಗ ಇದೆ. ಗೆರೆ ಒಂದು ಬದಿಯ ನೀಲಿಯಲ್ಲಿದ್ದಾಗ ಒಮ್ಮೆ, ಇನ್ನೊಂದು ಬದಿಯ ನೀಲಿಯಲ್ಲಿದ್ದಾಗ ಇನ್ನೊಮ್ಮೆ ಬಟನ್ ಒತ್ತಬೇಕು. ಎರಡೂ ನೀಲಿಗೆ ಬಿದ್ದರೆ ಗೋಲು ಗ್ಯಾರಂಟಿ. ಒಂದು ತಪ್ಪಿದರೂ ಬೂಮ್ ಬೂಮ್ ಚೆಂಡು ತಡೆಯಲು ನಿಲ್ಲುತ್ತಾನೆ. ಆಗ ಎರಡೂ ಕಡೆಯವರು ಬಟನ್ ಪಟಪಟ ಒತ್ತಬೇಕು, ಜಾಸ್ತಿ ಒತ್ತಿದವರು ಗೆಲ್ಲುತ್ತಾರೆ. ಗೋಲಾದರೆ ಒಂದಲ್ಲ, ಎರಡು ಅಂಕ.

ಗೆರೆಯನ್ನು ಕಣ್ಣಲ್ಲಿ ಹಿಂಬಾಲಿಸಿದರೆ ಬಟನ್ ಯಾವಾಗಲೂ ತಡವಾಗುತ್ತದೆ. ಕಣ್ಣು ನೀಲಿ ಭಾಗದ ಮೇಲೆ ನೆಟ್ಟಿರಲಿ, ಗೆರೆ ಅಲ್ಲಿಗೆ ಬರಲಿ. ಮಗುವಿಗೂ ಇದನ್ನೇ ಹೇಳಿ: 'ನೀಲಿ ನೋಡು, ಗೆರೆ ನೋಡಬೇಡ.' ಉಸಿರು ಬಿಗಿ ಹಿಡಿದು ಮೂತಿ ಚೂಪು ಮಾಡಿ ಆ ನೀಲಿಯನ್ನೇ ನೋಡುವ ಮಗುವಿನ ಮುಖ ನೋಡುವುದೇ ಒಂದು ಸುಖ.

ಪ್ರತಿ ಪಾತ್ರದ ಹೈಪರ್ ಸ್ಟ್ರೈಕ್ ಬೇರೆ ಬೇರೆ. ಮಾರಿಯೊದ್ದು ಬೆಂಕಿ. ವಾಲುಯಿಜಿ ಹೊಡೆದರೆ ಚೆಂಡು ಹೋದ ದಾರಿಯಲ್ಲಿ ಮುಳ್ಳುಬಳ್ಳಿಯ ಗೋಡೆ ಎದ್ದು ನಿಲ್ಲುತ್ತದೆ. ಎಲ್ಲ ಪಾತ್ರಗಳದ್ದನ್ನೂ ಒಂದೊಂದಾಗಿ ನೋಡುವುದೇ ಮಕ್ಕಳಿಗೆ ಒಂದು ವಾರದ ಕೆಲಸ. ಮಾಡಲಿ ಬಿಡಿ.

ಆದರೆ ಇದನ್ನು ಕೊನೆಗೆ ಇಟ್ಟಿದ್ದೇಕೆ ಅನ್ನುವುದು ಈಗ ಗೊತ್ತಾಗುತ್ತದೆ. ಹೊಳೆಯುವ ಗೋಳ ಹಿಡಿದ ತಕ್ಷಣ ಎದುರಾಳಿ ತಂಡದ ನಾಲ್ವರೂ ಚೆಂಡಿನ ಮೇಲೆ ಮುಗಿಬೀಳುತ್ತಾರೆ. ಒಬ್ಬನೇ ನಿಂತು ಬಲ ತುಂಬಲು ಹೋದರೆ ಒಂದು ಸಲವೂ ಆಗುವುದಿಲ್ಲ. ಪಾಸ್ ಬಲ್ಲ ಮಗು ಆ 20 ಸೆಕೆಂಡ್‌ನಲ್ಲಿ ಮೂರು ಪಾಸ್ ಕೊಟ್ಟು ಖಾಲಿ ಜಾಗದಲ್ಲಿರುವವನಿಗೆ ಚೆಂಡು ಮುಟ್ಟಿಸುತ್ತದೆ. ಪಾಸ್ ಬಾರದ ಮಗು ನಿಂತಲ್ಲೇ ನಿಂತು ಪೆಟ್ಟು ತಿನ್ನುತ್ತದೆ. ಎದುರಾಳಿಗೆ ಶಕ್ತಿ ಸಿಕ್ಕಾಗ ನಾವು ಮಾಡಬೇಕಾದ್ದೂ ಇಷ್ಟೇ: ಬೇರೆಲ್ಲ ಬಿಟ್ಟು ಚೆಂಡು ಹಿಡಿದವನ ಹಿಂದೆ ಬೀಳುವುದು, ಐಟಮ್ ಇದ್ದರೆ ಆಗಲೇ ಎಸೆಯುವುದು.

ಹಂತ 9: ತಂಡ ಕಟ್ಟುವುದು, ಗೇರ್ ಕೊಳ್ಳುವುದು

ಆಟ ಬಂದಾಗ ಹತ್ತು ಪಾತ್ರಗಳಿದ್ದವು. ಆಮೇಲೆ 2022ರಲ್ಲೇ ಮೂರು ಸಲ ಉಚಿತವಾಗಿ ಇಬ್ಬಿಬ್ಬರನ್ನು ಸೇರಿಸಿದರು: ಡೈಸಿ ಮತ್ತು ಶೈ ಗೈ, ಪಾಲಿನ್ ಮತ್ತು ಡಿಡ್ಡಿ ಕಾಂಗ್, ಬರ್ಡೊ ಮತ್ತು ಬೌಸರ್ ಜೂನಿಯರ್. ಈಗ ಒಟ್ಟು 16. ನಿಮಗೆ ಹತ್ತೇ ಕಾಣುತ್ತಿದ್ದರೆ ಆಟವನ್ನು ಅಪ್‌ಡೇಟ್ ಮಾಡಿ.

ಪ್ರತಿ ಪಾತ್ರಕ್ಕೂ ಐದು ಗುಣ: ಬಲ, ವೇಗ, ಹೊಡೆತ, ಪಾಸ್, ಕೌಶಲ. ಕೊನೆಯದು ಏನು ಅಂತ ಎಲ್ಲರೂ ಕೇಳುತ್ತಾರೆ. ಕೌಶಲ ಜಾಸ್ತಿ ಇದ್ದರೆ ಹೈಪರ್ ಸ್ಟ್ರೈಕ್‌ನ ನೀಲಿ ಭಾಗ ಅಗಲವಾಗುತ್ತದೆ, ಹೊಡೆತ ಬಾಗಿಸುವುದೂ ಸುಲಭವಾಗುತ್ತದೆ. ಹಾಗಾಗಿ ಹೈಪರ್ ಸ್ಟ್ರೈಕ್ ಹೊಡೆಯುವ ಕೆಲಸವನ್ನು ಲುಯಿಜಿಗೆ ವಹಿಸಿದರೆ ಸಣ್ಣ ಮಕ್ಕಳಿಗೆ ಒಳ್ಳೆಯದು.

ಬೌಸರ್, ವಾರಿಯೊ ಬಲಶಾಲಿಗಳು, ಓಟದಲ್ಲಿ ನಿಧಾನ. ಡಾಂಕಿ ಕಾಂಗ್ ಬಲದ ಜೊತೆಗೆ ಪಾಸ್‌ನಲ್ಲೂ ಗಟ್ಟಿ. ಟೋಡ್ ಪುಟಾಣಿ, ಆದರೆ ಗಾಳಿಯಂತೆ ಓಡುತ್ತಾನೆ, ಯಾರು ಮುಟ್ಟಿದರೂ ಬೀಳುತ್ತಾನೆ. ಮಾರಿಯೊ ಎಲ್ಲದರಲ್ಲೂ ಸಮ. ಶುರುವಿಗೆ ಮಾರಿಯೊ, ಲುಯಿಜಿ, ಡಾಂಕಿ ಕಾಂಗ್, ಟೋಡ್ ಈ ನಾಲ್ವರು ನನ್ನ ಆಯ್ಕೆ. ಮಗುವಿಗೆ ಪೀಚೇ ಬೇಕು ಅಂದರೆ ಪೀಚ್ ಇರಲಿ. ಇಷ್ಟದ ಪಾತ್ರ ಇಲ್ಲದ ತಂಡ ಎಷ್ಟು ಚೆನ್ನಾಗಿದ್ದರೂ ಮಕ್ಕಳಿಗೆ ಬೇಡ.

ಗೇರ್ ಅಂದರೆ ತಲೆ, ಕೈ, ಮೈ, ಕಾಲಿಗೆ ಹಾಕುವ ಕವಚ. ಆಟದಲ್ಲಿ ಗೆದ್ದ ನಾಣ್ಯದಿಂದ ಕೊಳ್ಳಬೇಕು. ಒಂದು ಗುಣ ಏರಿದರೆ ಇನ್ನೊಂದು ಇಳಿಯುತ್ತದೆ, ಪುಕ್ಕಟೆ ಲಾಭ ಇಲ್ಲ. ಒಂದು ಗುಣ ಏರಬಹುದಾದ ತುತ್ತತುದಿ 25. ಕೊಳ್ಳುವ ಮುಂಚೆ ಯಾವ ಅಂಕಿ ಏರುತ್ತದೆ, ಯಾವುದು ಇಳಿಯುತ್ತದೆ ಅಂತ ಮಗುವಿನ ಹತ್ತಿರ ಓದಿಸಿ. ಮೊದಲ ನಾಣ್ಯಗಳಲ್ಲಿ ಪಾಸ್ ಏರಿಸುವ ಚೈನ್ ಗೇರ್ ಕೊಳ್ಳಿ, ಇಷ್ಟು ದಿನದ ಅಭ್ಯಾಸ ಅಲ್ಲಿ ಫಲ ಕೊಡುತ್ತದೆ.

ಹಂತ 10: ಕಪ್ ಬ್ಯಾಟಲ್

ಇಲ್ಲಿ ಕಂಪ್ಯೂಟರ್ ತಂಡಗಳ ವಿರುದ್ಧ ಪಂದ್ಯಾವಳಿ. ಕ್ಯಾನನ್, ಚೈನ್, ಟರ್ಬೊ, ಮಸಲ್, ಟ್ರಿಕ್ ಅಂತ ಐದು ಕಪ್, ಅವನ್ನು ಗೆದ್ದ ಮೇಲೆ ಕೊನೆಯದೊಂದು. ಹೆಸರಲ್ಲೇ ಸುಳಿವಿದೆ. ಮಸಲ್ ಕಪ್‌ನಲ್ಲಿ ಬರುವವರು ಬಲಶಾಲಿಗಳು, ಟರ್ಬೊದಲ್ಲಿ ಓಟಗಾರರು.

ಒಂದು ಮ್ಯಾಚ್ ಸೋತರೆ ಕಪ್ ಮುಗಿಯುವುದಿಲ್ಲ. ಸೋತವರ ಸಾಲಿಗೆ ಹೋಗಿ ಅಲ್ಲಿಂದ ಗೆದ್ದು ಫೈನಲ್‌ಗೆ ಬರಬಹುದು. ಇದನ್ನು ಮಗುವಿಗೆ ಮೊದಲೇ ಹೇಳಿಡಿ. ಗೊತ್ತಿಲ್ಲದ ಮಗು ಮೊದಲ ಸೋಲಿಗೇ ಕಂಟ್ರೋಲರ್ ಕೆಳಗಿಡುತ್ತದೆ. ನಾಲ್ಕು ಜನರವರೆಗೆ ಒಂದೇ ತಂಡದಲ್ಲಿ ಕಪ್ ಆಡಬಹುದು, ಆದ್ದರಿಂದ ನೀವು ಪಕ್ಕದಲ್ಲೇ ಇರಿ. ನೀವು ಹಿಂದೆ ನಿಂತು ಚೆಂಡು ಕಿತ್ತು ಮುಂದಕ್ಕೆ ಕೊಡಿ, ಗೋಲು ಹೊಡೆಯುವ ಕೆಲಸ ಅವರದಾಗಲಿ. ಆರೂ ಕಪ್ ಗೆದ್ದ ಮೇಲೆ ಗ್ಯಾಲಾಕ್ಟಿಕ್ ಅನ್ನುವ ಕಷ್ಟದ ಮಟ್ಟ ತೆರೆದುಕೊಳ್ಳುತ್ತದೆ. ಅದು ನಿಜವಾಗಿಯೂ ಕಷ್ಟ. ದೊಡ್ಡವರೂ ಅಲ್ಲಿ ಬೆವರುತ್ತಾರೆ.

ಹಂತ 11: ಮನೆ ತುಂಬ ಮಕ್ಕಳು ಬಂದಾಗ

ಒಂದೇ ಸ್ವಿಚ್‌ನಲ್ಲಿ ಎಂಟು ಜನ ಆಡಬಹುದು, ನಾಲ್ವರು ಈ ಕಡೆ, ನಾಲ್ವರು ಆ ಕಡೆ. ಬೇಸಿಗೆ ರಜೆಗೆ ಅಣ್ಣ ತಮ್ಮಂದಿರ ಮಕ್ಕಳೆಲ್ಲ ಒಂದೆಡೆ ಸೇರಿದಾಗ ಇದಕ್ಕಿಂತ ಒಳ್ಳೆಯ ಆಟ ಸಿಗುವುದು ಕಷ್ಟ. ಕಂಟ್ರೋಲರ್ ಸಾಲದಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಜಾಯ್‌ಕಾನ್ ಹಂಚಿ. ತಂಡ ಮಾಡುವಾಗ ಪ್ರತಿ ಕಡೆಗೂ ಒಬ್ಬ ದೊಡ್ಡವರು, ಒಬ್ಬ ತೀರಾ ಸಣ್ಣವರು ಬರುವಂತೆ ನೋಡಿಕೊಳ್ಳಿ. ಐಟಮ್ ಆನ್ ಇರಲಿ, ಸಣ್ಣವರಿಗೂ ಏನಾದರೂ ಎಸೆದ ತೃಪ್ತಿ ಸಿಗಲಿ. ಸೋತ ತಂಡ ಎದ್ದು ಮುಂದಿನವರಿಗೆ ಜಾಗ ಬಿಡುವ ಪದ್ಧತಿ ಇಟ್ಟುಕೊಂಡರೆ ಯಾರೂ ಜಾಸ್ತಿ ಹೊತ್ತು ಕಾಯಬೇಕಾಗಿಲ್ಲ.

ಇಂಟರ್ನೆಟ್‌ನಲ್ಲಿ ಆಡುವ 'ಸ್ಟ್ರೈಕರ್ಸ್ ಕ್ಲಬ್' ಅಂತ ಒಂದು ಭಾಗ ಇದೆ. ಅದಕ್ಕೆ ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಬೇಕು. ಅಲ್ಲಿ ಎದುರಾಗುವವರು ವರ್ಷಗಟ್ಟಲೆ ಆಡಿ ಪಳಗಿದವರು. ಆರು ಕಪ್ ಗೆಲ್ಲುವವರೆಗೆ ಆ ಬಾಗಿಲು ಮುಚ್ಚಿರಲಿ ಅನ್ನುವುದು ನನ್ನ ಸಲಹೆ. ಆಮೇಲೂ ಮಗು ಕೇಳಿದರೆ ಒಬ್ಬರನ್ನೇ ಕಳಿಸಬೇಡಿ. ಒಂದೇ ಸ್ವಿಚ್‌ನಿಂದ ಇಬ್ಬರು ಒಟ್ಟಿಗೆ ಆನ್‌ಲೈನ್ ಆಡುವ ಅವಕಾಶ ಇದೆ, ಎರಡನೆಯ ಕಂಟ್ರೋಲರ್ ನೀವು ಹಿಡಿಯಿರಿ.